ಪಾಲಾದ ತೊಟ್ಟಿ ಮನೆ, ಪಾಲಾಗದ ಗೋಡೆ: ಮೈಸೂರಿನ ಒಂದು ಪ್ರಕರಣ

ಮೈಸೂರಿನ ಹಳೇ ಮೊಹಲ್ಲಾಗಳಲ್ಲಿ ಓಡಾಡುವವರಿಗೆ ಇಂಥ ಮನೆ ಹೊಸದಲ್ಲ. ಎಡಗಡೆ ಅರ್ಧಕ್ಕೆ ಮಂಗಳೂರು ಹೆಂಚು, ಸುಣ್ಣ ಉದುರಿದ ಗೋಡೆ, ಮಾಸಿದ ಮರದ ಕಂಬ, ಜಗಲಿ. ಬಲಗಡೆ ಅರ್ಧಕ್ಕೆ ಆರ್‌ಸಿಸಿ ಮಹಡಿ, ಸ್ಟೀಲ್ ಗ್ರಿಲ್, ಗ್ರಾನೈಟ್ ಮೆಟ್ಟಿಲು, ತಿಳಿ ಹಸಿರು ಎಮಲ್ಷನ್ ಬಣ್ಣ. ನಡುವೆ ಸೂರಿನಿಂದ ನೆಲದವರೆಗೆ ಒಂದು ನೇರ ಗೆರೆ. ಅಣ್ಣ ತಮ್ಮ ಪಾಲಾಗಿದ್ದಾರೆ ಅಂತ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಹಳೇ ಮನೆಗಳ ದುರಸ್ತಿ ನನ್ನ ಕೆಲಸ. ಇಲ್ಲಿ ಬರೆಯುತ್ತಿರುವುದು ಅಂಥ ಒಂದು ಮನೆಯ ವಿಚಾರ. ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವ ಕೆಲವು ವಿವರ ಬದಲಿಸಿದ್ದೇನೆ. ಮಾಲೀಕರಿಬ್ಬರನ್ನು ಅಣ್ಣ, ತಮ್ಮ ಅಂತಲೇ ಕರೆಯುತ್ತೇನೆ. ನಡುವೆ ಬಂದು ಹೋದ ಕಂಟ್ರಾಕ್ಟರ್‌ಗಳ ಹೆಸರು ಯಾರಿಗೂ ಬೇಕಾಗಿಲ್ಲ. ಈ ಪ್ರಕರಣವನ್ನೇ ಆರಿಸಿಕೊಳ್ಳಲು ಕಾರಣ ಇದೆ. ಇಬ್ಬರೂ "ನಮ್ಮ ಅರ್ಧ ಸರಿಯಾಗಿದೆ, ತೊಂದರೆ ಆ ಕಡೆಯಿಂದ" ಅಂತ ನಂಬಿದ್ದರು. ಹಾಗೆ ನಂಬಲು ಇಬ್ಬರ ಹತ್ತಿರವೂ ಕಣ್ಣಿಗೆ ಕಾಣುವ ಸಾಕ್ಷಿ ಇತ್ತು.

ಮನೆ ಹೇಗಿತ್ತು

ಕಟ್ಟಿದ್ದು 1920ರ ದಶಕದಲ್ಲಿ, ಈಗಿನವರ ಅಜ್ಜ. ಬೀದಿಗೆ ಜಗಲಿ, ಒಳಗೆ ಪಡಸಾಲೆ, ನಡುವೆ ತೊಟ್ಟಿ, ಅದರ ಸುತ್ತ ಕೋಣೆಗಳು, ಹಿಂದೆ ಅಡುಗೆಮನೆ, ಬಚ್ಚಲು, ಹಿತ್ತಲು. ಗೋಡೆ ಹದಿನೆಂಟು ಇಂಚು ದಪ್ಪ. ತೆಳ್ಳಗಿನ ನಾಡ ಇಟ್ಟಿಗೆ, ನಡುವೆ ಮಣ್ಣಿನ ಗಾರೆ, ಎರಡೂ ಮೈಗೆ ಸುಣ್ಣದ ಗಾರೆ. ಪಾಯ ಕಾಡುಗಲ್ಲಿನದು. ನೆಲದ ಪಸೆ ಗೋಡೆಗೆ ಏರದಂತೆ ಪಾಯದ ಮೇಲೆ ಹಾಕುವ ಪದರ, ಈಗಿನವರು ಡಿಪಿಸಿ ಅನ್ನುತ್ತಾರಲ್ಲ, ಅದು ಇರಲಿಲ್ಲ. ಆ ಕಾಲದ ಮನೆಗಳಲ್ಲಿ ಅದನ್ನು ನಿರೀಕ್ಷಿಸುವುದೂ ತಪ್ಪು.

ಮುಂಭಾಗಕ್ಕೆ ಹೆಂಚು. ನಡುಮನೆಗೆ ಮದ್ರಾಸ್ ತಾರಸಿ: ತೇಗದ ತೊಲೆ, ಅದರ ಮೇಲೆ ಅಡ್ಡ ಜಂತೆ, ಜಂತೆಯ ಮೇಲೆ ಸುಣ್ಣದ ಗಾರೆಯಲ್ಲಿ ನಿಲ್ಲಿಸಿದ ಇಟ್ಟಿಗೆ. ತೊಲೆಗಳ ಒಂದು ತುದಿ ಕೂತಿದ್ದು ಮನೆಯ ನಟ್ಟನಡುವಿನ ಗೋಡೆಯ ಮೇಲೆ. ಪಾಲಾದಾಗ ಅದೇ ಗೋಡೆ ಇಬ್ಬರಿಗೂ ಸೇರಿದ ಜಂಟಿ ಗೋಡೆ ಆಯಿತು.

ತೊಟ್ಟಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾಲ್ಕೂ ಕಡೆಯ ಹೆಂಚಿನ ನೀರು ತೊಟ್ಟಿಗೆ ಬೀಳುತ್ತಿತ್ತು. ಅಲ್ಲಿಂದ ನೆಲದಡಿ ಒಂದಡಿ ಅಗಲದ ಕಲ್ಲಿನ ಮೋರಿ, ಪಡಸಾಲೆಯ ಕೆಳಗೆ ಹಾದು ಬೀದಿ ಚರಂಡಿಗೆ. ಮೇಲೆ ಅಲ್ಲಲ್ಲಿ ಎತ್ತಬಹುದಾದ ಚಪ್ಪಡಿ. ಮಳೆಗಾಲಕ್ಕೆ ಮುಂಚೆ ಯಾರಾದರೂ ಚಪ್ಪಡಿ ಎತ್ತಿ ಕಸ ತೆಗೆಯುತ್ತಿದ್ದರು. ಆ ಮೋರಿ ಇಲ್ಲದಿದ್ದರೆ ತೊಟ್ಟಿ ಮನೆ ಅನ್ನುವುದು ಒಂದು ಹೊಂಡ, ಅಷ್ಟೆ.

ವಿಭಾಗ ಪತ್ರದಲ್ಲಿ ಮನೆಯನ್ನು ಉದ್ದಕ್ಕೆ ಎರಡು ಮಾಡಿದ್ದರು. ತೊಟ್ಟಿಯ ನಡುವೆಯೇ ಗೆರೆ ಹೋಗಿತ್ತು. ಕೋಣೆ, ತೆಂಗಿನ ಮರ, ಹಿತ್ತಲ ಬಾವಿ, ಹಿತ್ತಾಳೆ ಹಂಡೆ ತನಕ ಯಾರಿಗೆ ಯಾವುದು ಅಂತ ಬರೆದಿತ್ತು. ಮೋರಿಯ ಬಗ್ಗೆ ಒಂದಕ್ಷರ ಇರಲಿಲ್ಲ. ಮೋರಿ ಪೂರ್ತಿ ತಮ್ಮನ ಭಾಗದ ಕೆಳಗೆ ಇತ್ತು.

ತಮ್ಮ ದುಡಿದ ದುಡ್ಡು, ಬ್ಯಾಂಕ್ ಸಾಲ ಸೇರಿಸಿ ತನ್ನ ಅರ್ಧ ಹೊಸದು ಮಾಡಿಸಿದರು. ಆರ್‌ಸಿಸಿ ಕಂಬ ಎಬ್ಬಿಸಿ ಮಹಡಿ ಹಾಕಿಸಿದರು. ಉಳಿಸಿಕೊಂಡ ಹಳೇ ಗೋಡೆಗಳಿಗೆ ಸಿಮೆಂಟ್ ಪ್ಲಾಸ್ಟರ್, ಪುಟ್ಟಿ, ಎಮಲ್ಷನ್. ನೆಲವನ್ನು ಮುಕ್ಕಾಲಡಿ ಎತ್ತರಿಸಿ ವಿಟ್ರಿಫೈಡ್ ಟೈಲ್ಸ್. ತಮ್ಮ ಪಾಲಿನ ತೊಟ್ಟಿಗೆ ಪಾಲಿಕಾರ್ಬೊನೇಟ್ ಶೀಟ್. ಮೋರಿಯ ಜಾಗಕ್ಕೆ ಎರಡಿಂಚಿನ ಪಿವಿಸಿ ಪೈಪು. ಅಣ್ಣ ನಿವೃತ್ತಿಯಾಗಿ ಪಿಂಚಣಿಯಲ್ಲಿ ಇದ್ದವರು. ಅವರು ತಮ್ಮ ಪಾಲಿನ ಅರ್ಧವನ್ನು ಮುಟ್ಟಲಿಲ್ಲ.

ಇಲ್ಲಿಯವರೆಗೆ ಯಾರದ್ದೂ ದುರುದ್ದೇಶ ಇಲ್ಲ. ತಮ್ಮನಿಗೆ ಮಕ್ಕಳಿಗೆ ಕೋಣೆ ಬೇಕಿತ್ತು. ಕಂಟ್ರಾಕ್ಟರ್ ತನಗೆ ಗೊತ್ತಿದ್ದ ಕೆಲಸ ಮಾಡಿದ.

ತಕರಾರು

ನಾಲ್ಕೈದು ವರ್ಷ ಏನೂ ಗೊತ್ತಾಗಲಿಲ್ಲ. ಆಮೇಲೆ ಅಣ್ಣನ ನಡುಮನೆಯ ಗೋಡೆಯಲ್ಲಿ ಪಸೆ ಕಾಣಿಸಿಕೊಂಡಿತು. ಮೊದಲು ಮೊಣಕಾಲೆತ್ತರ, ಆಮೇಲೆ ಸೊಂಟದೆತ್ತರ. ಸುಣ್ಣ ಪುಡಿಯಾಗಿ ಉದುರಿ ಬೆಳಗಾದರೆ ನೆಲದ ಮೇಲೆ ಬಿಳಿ ಗೆರೆ. ಅತ್ತಿಗೆ ದಿನಾ ಗುಡಿಸುವುದು, ದಿನಾ ಗೊಣಗುವುದು. ಆ ಗೋಡೆಗೆ ಒರಗಿಸಿಯೇ ಅವರ ಮನೆಯಲ್ಲಿ ದಸರಾ ಗೊಂಬೆ ಕೂರಿಸುವುದು. ಒಂದು ವರ್ಷ ಪಟ್ಟದ ಗೊಂಬೆಗಳ ರೇಷ್ಮೆ ಬಟ್ಟೆಗೆ ಹಿಂದಿನಿಂದ ಬೂಷ್ಟು ಹಿಡಿಯಿತು. ಮನೆಯಲ್ಲಿ ನಿಜವಾದ ಜಗಳ ಶುರುವಾಗಿದ್ದು ಅವತ್ತಿನಿಂದ.

ಆ ಕಡೆ ತಮ್ಮನ ಮಲಗುವ ಕೋಣೆಯಲ್ಲೂ ಅದೇ ಗೋಡೆ. ಎಮಲ್ಷನ್ ಗುಳ್ಳೆ ಎದ್ದು, ಬೆರಳಲ್ಲಿ ಒತ್ತಿದರೆ ಒಳಗಿನ ಪುಟ್ಟಿ ಹಿಟ್ಟಿನ ಹಾಗೆ ಸುರಿಯುತ್ತಿತ್ತು. ಬೀರುವಿನ ಹಿಂದೆ ಮುಗ್ಗಲು ವಾಸನೆ. ಜೊತೆಗೆ ಹೊಸ ಆರ್‌ಸಿಸಿ ಕಂಬ ಹಳೇ ಗೋಡೆಗೆ ಕೂಡುವ ಕಡೆ ಸೂರಿನಿಂದ ಕೆಳಕ್ಕೆ ಒಂದು ಬಿರುಕು. ವರ್ಷಾ ವರ್ಷಾ ಸಿಮೆಂಟ್ ತುಂಬಿಸುವುದು, ಬೇಸಿಗೆ ಬಂದರೆ ಅದೇ ಗೆರೆಯಲ್ಲಿ ಮತ್ತೆ ಬಿಡುವುದು.

ಅಣ್ಣನ ವಾದ: "ಅವನು ಸ್ಲ್ಯಾಬ್ ಹಾಕಿದ ಮೇಲೇ ಇದೆಲ್ಲ. ನೂರು ವರ್ಷ ಇಲ್ಲದ್ದು ಈಗ ಯಾಕೆ ಬಂತು?" ತಮ್ಮನ ವಾದ: "ಅಣ್ಣಯ್ಯನ ಕಡೆ ಮಣ್ಣಿನ ಗೋಡೆ, ರಿಪೇರಿ ಇಲ್ಲ, ಏನಿಲ್ಲ. ಆ ಕಡೆಯ ನೀರು ನನ್ನ ಕೋಣೆಗೆ ಬರ್ತಿದೆ." ಇಬ್ಬರೂ ವಕೀಲರನ್ನು ಕಂಡು ಬಂದಿದ್ದರು.

ಇದರ ಹಿಂದೆ ಒಂದು ಭಯವೂ ಇತ್ತು. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತಿದ್ದನ್ನು ಮೈಸೂರಿನವರು ಮರೆತಿಲ್ಲ. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು, ಅದೂ ದುರಸ್ತಿ ನಡೆಯುತ್ತಿದ್ದಾಗಲೇ. ಹೀಗಾಗಿ ಬಿರುಕು ಅಂದರೆ ಸಾಕು, ಅಣ್ಣನ ಮನೆಯವರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ನಾನು ಹೋಗುವ ಮುಂಚೆ ಮಾಡಿ ನೋಡಿದ್ದು

ಮೊದಲು ಬಂದಿದ್ದು ವಾಟರ್‌ಪ್ರೂಫ್ ಬಣ್ಣ. ಅಣ್ಣನ ಗೋಡೆಗೆ ಪುಟ್ಟಿ ಎಳೆದು ಎರಡು ಕೋಟ್ ಹೊಡೆದರು. ಒಂದೇ ಮಳೆಗಾಲಕ್ಕೆ ಹಾಳೆ ಹಾಳೆಯಾಗಿ ಎದ್ದು ಬಂತು.

ಎರಡನೆಯದು ಜೋರಾದ ಉಪಾಯ. ಕೆಳಗಿನ ಮೂರಡಿ ಸುಣ್ಣದ ಗಾರೆ ಕೆತ್ತಿ, ವಾಟರ್‌ಪ್ರೂಫ್ ಪುಡಿ ಕಲಸಿದ ಸಿಮೆಂಟ್ ಪ್ಲಾಸ್ಟರ್ ಮಾಡಿ, ಅದರ ಮೇಲೆ ಡ್ಯಾಡೋ ಟೈಲ್ಸ್. ಒಂದು ವರ್ಷ ಎಲ್ಲರಿಗೂ ಖುಷಿ. ಮರುವರ್ಷ ಟೈಲ್ಸ್ ಮೇಲೆ, ಐದಡಿ ಎತ್ತರದಲ್ಲಿ ಪಸೆ ಬಂತು. ಹೀಗಾಗಿದ್ದು ಯಾಕೆ ಅಂತ ಗೊತ್ತಾದರೆ ಉಳಿದದ್ದೆಲ್ಲ ಸುಲಭವಾಗಿ ತಿಳಿಯುತ್ತದೆ. ನೆಲದ ತೇವ ಇಟ್ಟಿಗೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಮೇಲೇರುತ್ತದೆ. ಸುಣ್ಣದ ಗಾರೆ ಇದ್ದಾಗ ಏರಿದಷ್ಟೂ ಗೋಡೆಯ ಮೈಯಿಂದಲೇ ಆವಿಯಾಗಿ ಹೋಗುತ್ತಿರುತ್ತದೆ. ಹಾಗಾಗಿ ಸಾಮಾನ್ಯವಾಗಿ ಹೆಚ್ಚು ಮೇಲೆ ಬರುವುದಿಲ್ಲ. ಮೈಗೆ ಸಿಮೆಂಟ್, ಟೈಲ್ಸ್ ಮೆತ್ತಿದರೆ ಆವಿಯಾಗಲು ದಾರಿ ಸಿಗುವವರೆಗೂ ತೇವ ಏರುತ್ತಲೇ ಹೋಗುತ್ತದೆ. ನೀರಿನಲ್ಲಿ ಕರಗಿದ ಉಪ್ಪೂ ಜೊತೆಗೆ ಬಂದು, ನೀರು ಆರಿದ ಕಡೆ ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ಒಡೆಯುತ್ತದೆ. ಈ ಗೋಡೆಯ ತಮ್ಮನ ಕಡೆಯ ಮೈ ಪೂರ್ತಿ ಸಿಮೆಂಟ್ ಆಗಿ ಮೊದಲೇ ಮುಚ್ಚಿಹೋಗಿತ್ತು. ಉಸಿರಾಡಲು ಉಳಿದಿದ್ದು ಅಣ್ಣನ ಕಡೆಯ ಮೈ ಒಂದೇ. ಡ್ಯಾಡೋ ಅದನ್ನೂ ಮುಚ್ಚಿತು.

ಮೂರನೆಯ ಸಲಹೆ ಗೋಡೆಗೆ ರಂಧ್ರ ಕೊರೆದು ಕೆಮಿಕಲ್ ತುಂಬುವುದು. ಸಿಮೆಂಟ್ ಗಾರೆಯ ಇಟ್ಟಿಗೆ ಗೋಡೆಗೆ ಇದು ಕೆಲವು ಕಡೆ ಉಪಯೋಗಕ್ಕೆ ಬರುತ್ತದೆ. ಮಣ್ಣಿನ ಗಾರೆಯ ಗೋಡೆಯಲ್ಲಿ ಕೆಮಿಕಲ್ ಒಂದೇ ಸಮ ಹರಡುತ್ತದೆ ಅನ್ನುವ ನಂಬಿಕೆ ಇಲ್ಲ. ಕೊರೆಯುವಾಗಿನ ಅದುರಾಟ ಬೇರೆ. ದರ ಕೇಳಿ ಮನೆಯವರೇ ಬೇಡ ಅಂದಿದ್ದರು, ಒಳ್ಳೆಯದಾಯಿತು.

ನಾಲ್ಕನೆಯದನ್ನು ಹೇಳಿದವನು ಒಬ್ಬ ಕಂಟ್ರಾಕ್ಟರ್: ಪೂರ್ತಿ ಕೆಡವಿ, ಜಂಟಿಯಾಗಿ ಮೂರು ಮಹಡಿ ಎಬ್ಬಿಸಿ, ಬಾಡಿಗೆ ಬರುತ್ತೆ. ತಮ್ಮ ಅರ್ಧ ಮನಸ್ಸು ಮಾಡಿದ್ದರು. ಅಣ್ಣನ ಮಗ ಬೆಂಗಳೂರಿನಿಂದ ಫೋನಿನಲ್ಲೇ ಹೂಂ ಅಂದಿದ್ದ. ಅಣ್ಣನಿಗೆ ಮಾತ್ರ ಒಪ್ಪಿಗೆ ಇರಲಿಲ್ಲ. ಆ ಹಂತದಲ್ಲಿ ನನ್ನನ್ನು ಕರೆದರು. ಅಕ್ಟೋಬರ್ ಮಳೆ ಆಗತಾನೆ ಮುಗಿದಿತ್ತು.

ಕಿಂಡಿ ತೆಗೆದಾಗ

ಇಂಥ ಮನೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ನೀರು ಎಲ್ಲಿಂದ ಬರುತ್ತಿದೆ ಅಂತ. ಗೋಡೆಗೆ ಏನು ಬಳಿಯಬೇಕು ಅನ್ನುವ ಮಾತು ಆಮೇಲೆ. ಆದರೆ ಎಲ್ಲರೂ ಎರಡನೆಯದನ್ನೇ ಮೊದಲು ಕೇಳುತ್ತಾರೆ, ಯಾಕೆಂದರೆ ಅಂಗಡಿಯಲ್ಲಿ ಸಿಗುವುದು ಅದಕ್ಕೆ ಉತ್ತರ.

ಒಂದು ಸುಲಭದ ಪರೀಕ್ಷೆ ಇದೆ. ಗೋಡೆಗೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪ್ ಹಾಕಿ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಹೊರಮೈಯಲ್ಲಿ ಹನಿ ಕಂಡರೆ ಕೋಣೆಯ ಗಾಳಿಯ ತೇವ. ಒಳಮೈಯಲ್ಲಿ ಕಂಡರೆ ಗೋಡೆಯಿಂದ ಬರುತ್ತಿರುವ ತೇವ. ಎರಡೂ ಕಡೆ ಅಂಟಿಸಿದೆವು. ಎರಡೂ ಕಡೆ ಹನಿ ಒಳಗಿತ್ತು. "ಮಲಗುವ ಕೋಣೆಗೆ ಗಾಳಿ ಬರಲ್ಲ, ಅದಕ್ಕೇ ಹೀಗೆ" ಅನ್ನುವ ವಾದ ಅಲ್ಲಿಗೆ ನಿಂತಿತು.

ಆಮೇಲೆ ಇಬ್ಬರನ್ನೂ ಒಪ್ಪಿಸಿ, ಗೋಡೆಯ ಎರಡೂ ಮೈಯಲ್ಲಿ ಒಂದೇ ಎತ್ತರಕ್ಕೆ, ಎದುರುಬದುರಾಗಿ ಎರಡಡಿ ಚೌಕ ಪ್ಲಾಸ್ಟರ್ ತೆಗೆಸಿದೆ. ತಮ್ಮನನ್ನು ಒಪ್ಪಿಸುವುದು ಕಷ್ಟವಾಯಿತು. ಅಷ್ಟು ದುಡ್ಡು ಕೊಟ್ಟು ಮಾಡಿಸಿದ ಗೋಡೆ ಯಾರು ತಾನೆ ಒಡೆಸುತ್ತಾರೆ? ಬೀರು ಮುಚ್ಚುವ ಜಾಗದಲ್ಲೇ ತೆಗೆಯುತ್ತೇವೆ ಅಂದ ಮೇಲೆ ಹೂಂ ಅಂದರು.

ಅಣ್ಣನ ಕಡೆ ಡ್ಯಾಡೋಗಿಂತ ಮೇಲಿನ ಹಳೇ ಸುಣ್ಣದ ಗಾರೆ ಕರಣೆ ತಾಗಿಸಿದರೆ ಉದುರಿತು. ಅದರ ಹಿಂದಿನ ಇಟ್ಟಿಗೆ ಮಾತ್ರ ಗಟ್ಟಿ, ತಟ್ಟಿದರೆ ಟಣ್ ಅನ್ನುತ್ತಿತ್ತು. ತಮ್ಮನ ಕಡೆ ಉಲ್ಟಾ. ಸಿಮೆಂಟ್ ಪ್ಲಾಸ್ಟರ್ ಕಲ್ಲಿನಂತೆ ಗಟ್ಟಿ, ಉಳಿ ಇಟ್ಟು ಹೊಡೆದು ಕೀಳಬೇಕಾಯಿತು. ಕಿತ್ತ ಚಕ್ಕೆಯ ಬೆನ್ನಿಗೆ ಇಟ್ಟಿಗೆಯ ಮೈಯೇ ಅಂಟಿಕೊಂಡು ಬಂತು. ಒಳಗೆ ಮಣ್ಣಿನ ಗಾರೆ ಮೆತ್ತಗಾಗಿತ್ತು. ಪೆನ್ಸಿಲ್ ಚುಚ್ಚಿದೆ, ಅರ್ಧ ಪೆನ್ಸಿಲ್ ಒಳಗೆ ಹೋಯಿತು. ತಮ್ಮ ಏನೂ ಮಾತಾಡದೆ ಆ ಪೆನ್ಸಿಲ್ ತಾವೇ ಎಳೆದು, ಇನ್ನೊಂದು ಕಡೆ ಚುಚ್ಚಿ ನೋಡಿದರು. ಅಲ್ಲೂ ಹಾಗೇ.

ಅಂದರೆ ನೋಡಲು ಕೆಟ್ಟದಾಗಿದ್ದ ಅರ್ಧದಲ್ಲಿ ಗೋಡೆ ಬದುಕಿತ್ತು. ನೋಡಲು ಚೆಂದ ಇದ್ದ ಅರ್ಧದಲ್ಲಿ ಬೇಯುತ್ತಿತ್ತು. ಅಣ್ಣನ ಕಡೆ ಉದುರುತ್ತಿದ್ದ ಸುಣ್ಣ ತನ್ನ ಕೆಲಸವನ್ನೇ ಮಾಡುತ್ತಿತ್ತು: ಉಪ್ಪು ತಾನು ತಿಂದು ಇಟ್ಟಿಗೆ ಉಳಿಸುವುದು.

ಇನ್ನು ನೀರಿನ ಮೂಲ. ಅಣ್ಣನ ಪಾಲಿನ ತೊಟ್ಟಿಗೆ ಬಿಂದಿಗೆ ಬಿಂದಿಗೆ ನೀರು ಸುರಿಸಿದೆವು. ತಮ್ಮನ ಮಗ ಬೀದಿಯ ಬಾಯಿಯಲ್ಲಿ ಕೂತು ಕಾಯುತ್ತಿದ್ದ. ಒಂದು ಹನಿ ಬರಲಿಲ್ಲ. ತೊಟ್ಟಿಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತು. ಬೆಳಗ್ಗೆ ನೋಡಿದರೆ ತೊಟ್ಟಿ ಖಾಲಿ. ಬೀದಿಗೂ ಹೋಗಿಲ್ಲ, ತೊಟ್ಟಿಯಲ್ಲೂ ಇಲ್ಲ. ಹೋಗಿದ್ದೆಲ್ಲಿಗೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಲೆಕ್ಕ ಹೀಗಿದೆ. ಅಣ್ಣನ ಕಡೆಯ ಹೆಂಚು ಸುಮಾರು 600 ಚದರಡಿ ತೊಟ್ಟಿಗೆ ಇಳಿಯುತ್ತದೆ. ಅದರ ಮೇಲೆ 1 ಸೆಂಟಿಮೀಟರ್ ಮಳೆ ಬಿದ್ದರೆ 550 ಲೀಟರ್ ನೀರು. ಮೈಸೂರಿಗೆ ವರ್ಷಕ್ಕೆ ಬೀಳುವುದು ಸುಮಾರು 80 ಸೆಂಟಿಮೀಟರ್. ಅದರಲ್ಲೂ ಮೇ ಮತ್ತು ಅಕ್ಟೋಬರ್‌ನಲ್ಲಿ ಜಾಸ್ತಿ. ಇಷ್ಟೂ ನೀರಿಗೆ ಇದ್ದ ದಾರಿ ಎರಡಿಂಚಿನ ಪೈಪು, ಅದೂ ಕಸ ಕಟ್ಟಿಕೊಂಡಿತ್ತು. ಕಟ್ಟಿಕೊಳ್ಳದಿದ್ದರೂ ಉಪಯೋಗ ಕಡಿಮೆಯೇ. ಯಾಕೆಂದರೆ ಬೀದಿಗೆ ಪದೇ ಪದೇ ಡಾಂಬರು ಬಿದ್ದು, ಹೊಸ ಕಾಂಕ್ರೀಟ್ ಚರಂಡಿ ಬಂದು, ಹೊರಗಿನ ಮಟ್ಟವೇ ಏರಿತ್ತು. ಮೂರು ಮೆಟ್ಟಿಲಿದ್ದ ಜಗಲಿಗೆ ಈಗ ಒಂದೇ ಮೆಟ್ಟಿಲು. ಜೋರು ಮಳೆಗೆ ಬೀದಿ ನೀರೇ ಪೈಪಿನೊಳಗೆ ತಿರುಗುತ್ತಿತ್ತು. ಹಳೇ ಮೊಹಲ್ಲಾಗಳಲ್ಲಿ ಮನೆ ಕೊಳ್ಳುವವರು ಗೋಡೆ ನೋಡುವ ಮೊದಲು ಬೀದಿಯಲ್ಲಿ ನಿಂತು ಈ ಮೆಟ್ಟಿಲು ಎಣಿಸಬೇಕು ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಬಿರುಕಿನದ್ದು ಬೇರೆಯೇ ಕತೆ. ಅದರ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಗಾರೆಯಿಂದ ಕೂರಿಸಿ, ಎರಡೂ ಪಕ್ಕ ಪೆನ್ಸಿಲ್ ಗುರುತು, ತಾರೀಕು ಹಾಕಿದೆವು. ಬೇಸಿಗೆಯಲ್ಲಿ ಗಾಜು ಒಡೆಯಿತು. ಅಣ್ಣ ಗಾಬರಿಯಿಂದ ಫೋನ್ ಮಾಡಿದರು. ಆದರೆ ಒಡೆದ ಸಂದು ಮಳೆ ಬಂದು ತಂಪಾದಾಗ ಮತ್ತೆ ಕೂಡಿಕೊಂಡಿತು. ಗೋಡೆ ಕುಸಿಯುತ್ತಿದ್ದರೆ ಸಂದು ಒಂದೇ ದಿಕ್ಕಿಗೆ ದೊಡ್ಡದಾಗುತ್ತಾ ಹೋಗುತ್ತದೆ. ಇದು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಬಿಸಿಲಿಗೆ ಹಿಗ್ಗುವ ಆರ್‌ಸಿಸಿ ಒಂದು ಕಡೆ, ನಿಧಾನದ ಮಣ್ಣಿನ ಗಾರೆಯ ಗೋಡೆ ಇನ್ನೊಂದು ಕಡೆ. ಎರಡನ್ನೂ ಸಿಮೆಂಟ್‌ನಿಂದ ಒಂದು ಮಾಡಲು ಹೋದರೆ ಬಿಡದೆ ಇನ್ನೇನಾಗುತ್ತದೆ?

ತೀರ್ಮಾನಗಳು

ಮೊದಲ ತೀರ್ಮಾನ ಕೆಡವಬಾರದು ಅನ್ನುವುದು. ಹಳೇದರ ಮೇಲಿನ ಮೋಹದಿಂದ ಅಲ್ಲ. ಗೋಡೆಯ ಮುಕ್ಕಾಲು ಪಾಲು ಗಟ್ಟಿ ಇತ್ತು. ತಮ್ಮನ ಸಾಲ ಇನ್ನೂ ತೀರಿರಲಿಲ್ಲ. ದುರಸ್ತಿಯ ಖರ್ಚು ಹೊಸದಾಗಿ ಕಟ್ಟುವ ಅಂದಾಜಿನ ಒಂದು ಸಣ್ಣ ಪಾಲು.

ಎರಡನೆಯದು, ಎಲ್ಲವನ್ನೂ ಹಳೇ ಕಾಲಕ್ಕೆ ತಿರುಗಿಸುವುದೂ ಬೇಡ ಅಂತ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಸುಣ್ಣದ ಗಾರೆಯ ಹುಚ್ಚು ಹತ್ತಿದವರು ಈಗ ಜಾಸ್ತಿ. ತಮ್ಮನ ಮಹಡಿ, ಕಂಬ, ಅಡುಗೆಮನೆಯ ಟೈಲ್ಸ್ ಇವಕ್ಕೆ ಏನೂ ರೋಗ ಇರಲಿಲ್ಲ. ಅವು ಹಾಗೇ ಉಳಿದವು. ಜಂಟಿ ಗೋಡೆಯ ತಮ್ಮನ ಮೈಯಲ್ಲೂ ನೆಲದಿಂದ ನಾಲ್ಕಡಿ ಮಾತ್ರ ಸಿಮೆಂಟ್ ತೆಗೆಸಿದೆವು. ಮೇಲಿನದು ಪುಟ್ಟಿ ಸಮೇತ ಇದೆ. ಗೋಡೆಯ ಬುಡಕ್ಕೆ ಅರ್ಧ ಅಡಿ ಅಗಲ ಟೈಲ್ಸ್ ತೆಗೆದು ಜಲ್ಲಿ ತುಂಬಿ, ನೆಲದಡಿಯ ತೇವಕ್ಕೆ ಗೋಡೆ ಬಿಟ್ಟು ಬೇರೆ ದಾರಿ ಮಾಡಿದೆವು.

ಮೂರನೆಯದು ಯಾವುದು ಮೊದಲು ಅನ್ನುವುದು. ನೀರು, ಆಮೇಲೆ ಒಣಗುವುದು, ಆಮೇಲೆ ತೊಲೆ, ಎಲ್ಲಕ್ಕಿಂತ ಕೊನೆಗೆ ಗಾರೆ. ಅತ್ತಿಗೆಗೆ ದಸರಾಕ್ಕೆ ಗೋಡೆ ಆಗಲೇಬೇಕಿತ್ತು. ಮಾರ್ಚ್‌ನಲ್ಲಿ ಗೋಡೆ ಬಿಚ್ಚಿದ್ದು. ದಪ್ಪ ಗೋಡೆ ತಿಂಗಳಿಗೆ ಒಂದಿಂಚು ಒಣಗುತ್ತದೆ ಅನ್ನುವುದು ನಮ್ಮ ಕೆಲಸದವರ ಅಂದಾಜು. ಹದಿನೆಂಟು ಇಂಚಿನ ಗೋಡೆ ಎರಡೂ ಕಡೆಯಿಂದ ಒಣಗಿದರೂ ಒಂಬತ್ತು ತಿಂಗಳು. ಅಂದರೆ ಡಿಸೆಂಬರ್. ಇದು ಹೇಳಿದಾಗ ಮನೆಯಲ್ಲಿ ದೊಡ್ಡ ರಂಪ. ಕೊನೆಗೆ ಆ ವರ್ಷ ಬರೀ ಇಟ್ಟಿಗೆಯ ಮುಂದೆ, ಗೋಡೆಯಿಂದ ಎರಡಡಿ ದೂರ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸಿದರು. ಬಂದ ಹೆಂಗಸರೆಲ್ಲ ಇದೇನು ಹೊಸ ಫ್ಯಾಶನ್ನಾ ಅಂತ ಕೇಳಿದರಂತೆ.

ನಾಲ್ಕನೆಯದು ಮೋರಿಯದ್ದು, ಅದು ಇಡೀ ಪ್ರಕರಣದ ತಿರುವು. ಮೋರಿ ಬಿಡಿಸಬೇಕೆಂದರೆ ತಮ್ಮನ ಪಡಸಾಲೆ ಅಗೆಯಬೇಕು. ವಕೀಲರು 1882ರ ಈಸ್‌ಮೆಂಟ್ ಕಾಯ್ದೆಯ ಮಾತೆತ್ತಿದರು. ಒಂದಾಗಿದ್ದ ಆಸ್ತಿ ಪಾಲಾದಾಗ, ಒಂದು ಪಾಲನ್ನು ಅನುಭವಿಸಲು ಇನ್ನೊಂದರ ಮೇಲೆ ಹಕ್ಕು ಬೇಕೇ ಬೇಕು ಅನ್ನುವಂಥ ಸಂದರ್ಭಕ್ಕೆ ಅದರ 13ನೇ ಕಲಮಿನಲ್ಲಿ ಜಾಗ ಇದೆ. ಕೋರ್ಟಿಗೆ ಹೋದರೆ ಅಣ್ಣ ಗೆಲ್ಲಬಹುದಿತ್ತು. ಆದರೆ ತೀರ್ಪು ಬರುವ ಹೊತ್ತಿಗೆ ಗೋಡೆ ಇರುತ್ತಿತ್ತಾ? ತಮ್ಮ ಒಪ್ಪಿದ್ದು ಕಾಯ್ದೆಗೆ ಹೆದರಿ ಅಲ್ಲ. ಪೆನ್ಸಿಲ್ ಒಳಗೆ ಹೋಗಿದ್ದು ಅವರ ಗೋಡೆಯಲ್ಲಿ. ಮೋರಿಯಿಂದ ಲಾಭ ಅಣ್ಣನಿಗಿಂತ ತಮಗೇ ಜಾಸ್ತಿ ಅಂತ ಅವರಿಗೆ ಅರ್ಥವಾಗಿತ್ತು. ಪಡಸಾಲೆಯ ಟೈಲ್ಸ್ ಮತ್ತೆ ಹಾಕಿಸುವ ಖರ್ಚು ಅಣ್ಣನದು, ಮೋರಿ ಇಬ್ಬರದು, ತೊಲೆ ಅಣ್ಣನದು, ಗೋಡೆ ಅವರವರ ಮೈ ಅವರವರದು ಅಂತ ಆಯಿತು.

ಹಳೇ ಕಲ್ಲಿನ ಮೋರಿಯ ಅರ್ಧಕ್ಕರ್ಧ ಹಾಗೇ ಸಿಕ್ಕಿತು. ಉಳಿದದ್ದಕ್ಕೆ ಆರಿಂಚಿನ ಪೈಪು, ಎರಡು ಕಡೆ ಎತ್ತಬಹುದಾದ ಚೇಂಬರ್. ಬೀದಿ ಚರಂಡಿ ಎತ್ತರ ಇದ್ದುದರಿಂದ ನೀರು ತಿರುಗದಂತೆ ಬಾಯಿಗೆ ಒಂದು ವಾಲ್ವ್. ಜೋರು ಮಳೆಯಲ್ಲಿ ವಾಲ್ವ್ ಮುಚ್ಚಿದಾಗಿನ ನೀರಿಗೆ ಹಿತ್ತಲ ಬಳಸದ ಬಾವಿಗೆ ಇನ್ನೊಂದು ದಾರಿ, ನಡುವೆ ಜಲ್ಲಿ ಮರಳಿನ ತೊಟ್ಟಿ.

ತೊಲೆ ಮತ್ತು ಗಾರೆ

ಒಂದು ತೊಲೆಯ ತುದಿ ಗೋಡೆಯೊಳಗೆ ಕೊಳೆತಿತ್ತು. ಹೊರಗೆ ಚೆನ್ನಾಗಿ ಕಂಡರೂ ಉಳಿಯ ಹಿಡಿಯಿಂದ ತಟ್ಟಿದಾಗ ಡಬ್ ಅಂತ ಟೊಳ್ಳು ಸದ್ದು. ಎಲ್ಲ ತೊಲೆ ತೆಗೆದು ಕಬ್ಬಿಣದ ಗರ್ಡರ್ ಹಾಕಿ ಅಂದವರಿದ್ದರು. ನಾವು ಕೆಳಗೆ ಜಾಕಿ ಕೊಟ್ಟು, ಕೊಳೆತಷ್ಟು ಕೊಯ್ದು, ಉಳಿದ ತೇಗಕ್ಕೆ ಎರಡೂ ಪಕ್ಕ ಕಬ್ಬಿಣದ ಚಾನೆಲ್ ಬೋಲ್ಟ್ ಮಾಡಿ, ಗೋಡೆಯಲ್ಲಿ ಕಲ್ಲಿನ ಹಾಸಿನ ಮೇಲೆ ಕೂರಿಸಿದೆವು. ತುದಿಯ ಸುತ್ತ ಬೆರಳು ಹೋಗುವಷ್ಟು ಗಾಳಿಗೆ ಜಾಗ ಬಿಟ್ಟೆವು. ತುದಿಯನ್ನು ಗಾರೆಯಲ್ಲಿ ಹೂತರೆ ಮರ ಮತ್ತೆ ಕೊಳೆಯುತ್ತದೆ.

ಗಾರೆಗೆ ಜನ ಹುಡುಕುವುದೇ ದೊಡ್ಡ ಕೆಲಸ. ಸುಣ್ಣದಕೇರಿ ಇರುವ ಊರಲ್ಲೇ ಒಳ್ಳೇ ಸುಟ್ಟ ಸುಣ್ಣ ಸಿಗದೆ ಹೊರಗಿನಿಂದ ತರಿಸಬೇಕಾಯಿತು. ಶ್ರೀರಂಗಪಟ್ಟಣದ ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿ ಸಿಕ್ಕರು, ದೇವಸ್ಥಾನದ ಕೆಲಸ ಮಾಡಿದವರು. ಸುಣ್ಣ ಅರಳಿಸಿ ಡ್ರಮ್ಮಿನಲ್ಲಿ ನೀರು ನಿಲ್ಲಿಸಿ ವಾರಗಟ್ಟಲೆ ಬಿಟ್ಟರು. ಆಮೇಲೆ ಮರಳು, ಇಟ್ಟಿಗೆ ಪುಡಿಯ ಸುರ್ಕಿ, ಅಳಲೆಕಾಯಿ ಬೆಲ್ಲ ನೆನೆಸಿದ ನೀರು.

ಎರಡನೇ ದಿನವೇ ಒಂದು ಎಡವಟ್ಟು. ಜೊತೆಗಿದ್ದ ಹುಡುಗ, ಗಾರೆ ಬೇಗ ಬಿಗಿಯುತ್ತಿಲ್ಲ ಅಂತ, ಯಾರಿಗೂ ಹೇಳದೆ ಒಂದೊಂದು ಬಾಂಡ್ಲಿಗೆ ಒಂದು ಬೊಗಸೆ ಸಿಮೆಂಟ್ ಹಾಕುತ್ತಿದ್ದ. ಮೇಸ್ತ್ರಿ ಬಣ್ಣ ನೋಡಿಯೇ ಹಿಡಿದರು. "ಕನ್ನಂಬಾಡಿ ಕಟ್ಟೆ ನಿಂತಿರೋದೇ ಸುರ್ಕಿ ಗಾರೆ ಮೇಲೆ. ಅದಕ್ಕೆ ಸಾಕಾಗಿದ್ದು ನಿನ್ನ ಗೋಡೆಗೆ ಸಾಲಾಕಿಲ್ವೇನ್ಲಾ?" ಅಂತ ಬೈದು, ಅವತ್ತು ಮೆತ್ತಿದ್ದನ್ನೆಲ್ಲ ಕೆರೆಸಿದರು. ಕೃಷ್ಣರಾಜಸಾಗರ ಅಣೆಕಟ್ಟು ಸುರ್ಕಿ ಗಾರೆಯಲ್ಲಿ ಕಟ್ಟಿದ್ದು ನಿಜ. ಮೇಸ್ತ್ರಿಯ ಸಿಟ್ಟಿಗೆ ಇನ್ನೂ ಹತ್ತಿರದ ಕಾರಣ ಇತ್ತು. ಸ್ವಲ್ಪವೇ ಸಿಮೆಂಟ್ ಬೆರೆತರೂ ಗಾರೆ ಗಡಸಾಗಿ, ತೇವ ಬಿಡುವ ಗುಣ ಕಡಿಮೆಯಾಗುತ್ತದೆ. ಸುಣ್ಣದ ಕೆಲಸ ವಿಫಲವಾಯಿತು ಅಂತ ಹೇಳುವ ಎಷ್ಟೋ ಕಡೆ ಒಳಗೆ ಈ ಬೊಗಸೆ ಸಿಮೆಂಟ್ ಇರುತ್ತದೆ. ಮೇಲುಸ್ತುವಾರಿಯ ದುಡ್ಡು ಉಳಿಸಲು ಹೋಗಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಬಿರುಕನ್ನು ಮುಚ್ಚಲಿಲ್ಲ. ಅದರ ಗೆರೆಯಲ್ಲಿ ಅರ್ಧ ಇಂಚು ಸಂದು ನೇರವಾಗಿ ಕೊಯ್ದು, ಎಳೆದರೆ ಹಿಗ್ಗುವ ಸೀಲೆಂಟ್ ತುಂಬಿ, ಮೇಲೆ ಒಂದು ಮರದ ಪಟ್ಟಿ ಹೊಡೆದೆವು. ಪಟ್ಟಿಯ ಮೊಳೆ ಒಂದೇ ಕಡೆ, ಹಳೇ ಗೋಡೆಗೆ. ಆರ್‌ಸಿಸಿ ತನ್ನ ಪಾಡಿಗೆ ತಾನು ಹಿಗ್ಗಿ ಕುಗ್ಗಲಿ ಅಂತ.

ಎರಡು ಮಳೆಗಾಲ ಕಳೆದ ಮೇಲೆ

ಪಸೆಯ ಗೆರೆ ಐದಡಿಯಿಂದ ಒಂದಡಿಗೆ ಇಳಿದಿದೆ. ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಅಷ್ಟು ತೇವ ಈ ಗೋಡೆಗೆ ಹುಟ್ಟಿನಿಂದ ಇದ್ದದ್ದೇ. ಬೇಸಿಗೆಯಲ್ಲಿ ಬುಡದಲ್ಲಿ ಸ್ವಲ್ಪ ಉಪ್ಪು ಬಿಡುತ್ತದೆ. ಒಣ ಬ್ರಷ್‌ನಲ್ಲಿ ಗುಡಿಸಿ ಎರಡು ವರ್ಷಕ್ಕೊಮ್ಮೆ ಸುಣ್ಣ ಬಳಿದರೆ ಸಾಕು. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಇದು ಅತ್ತಿಗೆಗೆ ಇನ್ನೂ ಒಗ್ಗಿಲ್ಲ.

ತಮ್ಮನ ಕೋಣೆಯ ಮುಗ್ಗಲು ವಾಸನೆ ಹೋಗಿದೆ. ಆದರೆ ನಾಲ್ಕಡಿಗೆ ಸುಣ್ಣ, ಮೇಲೆ ಎಮಲ್ಷನ್ ಆಗಿರುವುದರಿಂದ ಗೋಡೆಯಲ್ಲಿ ಅಡ್ಡ ಗೆರೆ ಕಾಣುತ್ತದೆ. ಅವರ ಮಗಳಿಗೆ ಅದು ಇಷ್ಟವಿಲ್ಲ, ಅಲ್ಲೊಂದು ಮರದ ಪಟ್ಟಿ ಹೊಡೆಸಿಕೊಂಡಿದ್ದಾಳೆ. ಸಂದಿನ ಸೀಲೆಂಟ್ ಒಂದು ಕಡೆ ಬಿಟ್ಟಿದೆ, ಮತ್ತೆ ತುಂಬಬೇಕು. ಬೀದಿಯ ಮಟ್ಟ ಹಾಗೇ ಇದೆ, ಅದು ಮನೆಯವರ ಕೈಯಲ್ಲಿಲ್ಲ. ಇನ್ನೊಂದು ಸಲ ಡಾಂಬರು ಬಿದ್ದರೆ ಇರುವ ಒಂದು ಮೆಟ್ಟಿಲೂ ಹೋಗುತ್ತದೆ.

ಮೋರಿಯ ಕರಾರನ್ನು ಬರೀ ಬಾಯಿಮಾತಿಗೆ ಬಿಡದೆ ನೋಂದಣಿ ಮಾಡಿಸಿದ್ದಾರೆ, ಮುಂದೆ ಯಾರ ಮಕ್ಕಳಾದರೂ ಮಾರಿದರೆ ಕೊಂಡವರಿಗೂ ಅನ್ವಯಿಸುವಂತೆ. ಮೋರಿ ಮುಚ್ಚುವಂತಿಲ್ಲ, ಏಪ್ರಿಲ್ ಕೊನೆಗೆ ಸರದಿಯ ಮೇಲೆ ಕಸ ತೆಗೆಸಬೇಕು, ಜಂಟಿ ಗೋಡೆಗೆ ತಾಗುವ ಯಾವ ಕೆಲಸಕ್ಕೂ ಇಬ್ಬರ ಸಹಿ ಬೇಕು.

ಆ ಕೊನೆಯ ಮಾತು ಈಗಲೇ ಕೆಲಸಕ್ಕೆ ಬಂದಿದೆ. ಅಣ್ಣನ ಮಗ ತನ್ನ ಅಪ್ಪನ ಭಾಗದ ಮುಂದಿನ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡಬೇಕು ಅಂತಿದ್ದಾನೆ. ಅದಕ್ಕೆ ಅಟ್ಯಾಚ್ಡ್ ಬಾತ್‌ರೂಮ್ ಬೇಕು. ನಕ್ಷೆಯಲ್ಲಿ ಅದನ್ನು ಜಂಟಿ ಗೋಡೆಗೇ ಒರಗಿಸಿದ್ದ. ಹಿತ್ತಲ ಕಡೆ, ಹಳೇ ಬಚ್ಚಲು ಇದ್ದ ಜಾಗಕ್ಕೆ ಸರಿಸಿ ಅಂತ ತಿದ್ದಿ ಕಳಿಸಿದ್ದೇನೆ. ಪೈಪು ಉದ್ದ ಆಗುತ್ತೆ, ಖರ್ಚು ಜಾಸ್ತಿ ಅಂತ ಅವನ ತಕರಾರು. ಚಿಕ್ಕಪ್ಪ ಮಾತ್ರ ಸಹಿ ಹಾಕುವ ಮುಂಚೆ ನಕ್ಷೆ ತಂದು ತೋರಿಸು ಅಂದಿದ್ದಾರೆ.